ಎರಡನೆಯ ಸಲ ನೆನೆದ ರಜಾಯಿ

ಪಿಟೀಲಿನ ಪೆಟ್ಟಿಗೆ ಮೇಜಿನ ಮೇಲೇ ಇತ್ತು. ಮುಚ್ಚಳವೂ ನೀಟಾಗಿ ಮುಚ್ಚಿತ್ತು. ಒಳಗೆ ಪಿಟೀಲು ಮಾತ್ರ ಇರಲಿಲ್ಲ.

ಅಪ್ಪನ ವಾದ್ಯ ರಿಪೇರಿ ಕೆಲಸವನ್ನು ಈಗ ನೋಡಿಕೊಳ್ಳುತ್ತಿದ್ದ ಮಗಳು ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಮ್ಮ ಪಕ್ಕದ ಬೀದಿಯವರು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಮಂಡಿನೋವಿನ ಜೊತೆ ಜಗಳವಾಡಿಕೊಂಡು ಕಾಲ ಕಳೆಯುತ್ತಿದ್ದರು. ಕಳ್ಳತನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಂಡಿನೋವು ಎಲ್ಲಿ ಹೋಯಿತೋ, ಹಿತ್ತಿಲ ತುದಿಯ ಕಾರ್ಯಾಗಾರದಲ್ಲಿ ಹಾಜರಾದರು.

"ಬೀಗ ಒಡೆದಿಲ್ಲ ಚಿಕ್ಕಮ್ಮ. ಇರೋದು ಎರಡೇ ಕೀಲಿ. ಒಂದು ನನ್ನ ಬ್ಯಾಗಲ್ಲಿ. ಅದನ್ನ ತಗೊಂಡೇ ಬೆಳಿಗ್ಗೆ ತಂತಿ ತರೋಕೆ ಪೇಟೆಗೆ ಹೋಗಿದ್ದೆ. ಇನ್ನೊಂದು..." ಮಗಳು ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಅಂಟಣ್ಣ ನಿಂತಿದ್ದ. ವಯಸ್ಸು ನಲವತ್ತು ದಾಟಿತ್ತು. ಬೆರಳಿಗೆ ಸದಾ ಅಂಟು ಮೆತ್ತಿಕೊಂಡಿರುತ್ತಿದ್ದುದರಿಂದ ಆ ಹೆಸರು. ಕೆಲಸ ಕಲಿತದ್ದು ಇವಳ ಅಪ್ಪನ ಹತ್ತಿರ. ಅಪ್ಪನ ಕೈ ನಡುಗಲು ಶುರುವಾಗಿ ಅವರು ಉಳಿ ಕೆಳಗಿಟ್ಟ ಮೇಲೆ ಮಗಳ ಜೊತೆ ಮುಂದುವರಿದಿದ್ದ. ಈಗ ತನ್ನ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಕ್ಯಾಮೆರಾ ಇದೆಯಲ್ಲ?" ಎಂದರು ಚಿಕ್ಕಮ್ಮ.

"ನಾನು ಹೊರಟ ಸ್ವಲ್ಪ ಹೊತ್ತಿಗೇ ಕುರುಡಾಗಿದೆ. ಈಗಲೂ ಹಾಗೇ ಇದೆ, ನೋಡಿ." ಅವಳ ಫೋನಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು.

ಆ ಕ್ಯಾಮೆರಾಗೆ ಇಂಟರ್ನೆಟ್ ಮುಟ್ಟಿಸುವಷ್ಟರಲ್ಲಿ ಮನೆಯವರಿಗೆಲ್ಲ ಸಾಕುಬೇಕಾಗಿತ್ತು. ಮನೆಯ ವೈಫೈ ನಲ್ಲಿಕಟ್ಟೆಯವರೆಗೆ ಬಂದು ಅಲ್ಲೇ ಸುಸ್ತಾಗುತ್ತಿತ್ತು. ಅಡುಗೆಮನೆಯಲ್ಲಿ ಸಿಗ್ನಲ್ ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಒಂದನ್ನು ಸಿಕ್ಕಿಸಿ ನೋಡಿದರು. ಕಾರ್ಯಾಗಾರದ ದಪ್ಪ ಗೋಡೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ವೈಫೈನವನು ಬಂದು ಮನೆಯ ಹಿಂದಿನ ಗೋಡೆಗೊಂದು, ಕಾರ್ಯಾಗಾರದ ಕಿಟಕಿಯ ಪಕ್ಕಕ್ಕೊಂದು ಬಿಳಿ ಡಬ್ಬಿ ಬಡಿದು, ಎರಡನ್ನೂ ಎದುರುಬದುರು ಮುಖ ಮಾಡಿ ಕೂರಿಸಿದ. ಆಮೇಲೆ ಸಿಗ್ನಲ್ ಅಂತೂ ಇಂತೂ ಕಾರ್ಯಾಗಾರ ತಲುಪಿತು.

"ರಿಪೇರಿಗೆ ಕೊಟ್ಟಿದ್ದ ಪಿಟೀಲಿನವರು ಸಂಜೆ ಬರ್ತಾರೆ. ಅಷ್ಟರಲ್ಲಿ ಸಿಗದಿದ್ರೆ ಪೊಲೀಸರಿಗೆ ಹೇಳಲೇಬೇಕು. ಯಾರ ಹೆಸರು ಹೇಳ್ಲಿ ಚಿಕ್ಕಮ್ಮ? ಬೇರೆ ಯಾರ ಹೆಸರಿದೆ?"

ಅಂಟಣ್ಣ ಕೀಲಿಯನ್ನು ಮೇಜಿನ ಮೇಲಿಟ್ಟ.

*

ಅಂಟಣ್ಣನನ್ನು ನಲ್ಲಿಕಟ್ಟೆಯ ಮೇಲೆ ಕೂರಿಸಿಕೊಂಡು ಚಿಕ್ಕಮ್ಮ ವಿಚಾರಿಸಿದರು.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ಮರದಂಗಡಿಗೆ."

"ಮರ ಎಲ್ಲಿ?"

"ಅಂಗಡಿ ಮುಚ್ಚಿತ್ತು."

"ಬಾಗಿಲು ಮುಚ್ಚಿದ ಅಂಗಡಿ ಮುಂದೆ ಮಧ್ಯಾಹ್ನದವರೆಗೂ ನಿಂತಿದ್ಯಾ? ನನ್ನ ಹತ್ತಿರ ಬೇಡಪ್ಪ. ಇಂಥ ಸುಳ್ಳು ಕೇಳಿ ಕೇಳಿಯೇ ನನ್ನ ಕೂದಲು ಬೆಳ್ಳಗಾಗಿದ್ದು."

ಅಂಟಣ್ಣ ಉಗುರಿನ ಅಂಟನ್ನು ಕೆರೆಯುತ್ತ ಕುಳಿತ. ಆಮೇಲೆ ಮೆಲ್ಲಗೆ ಹೇಳಿದ. "ಕೆಲಸ ಕೇಳೋಕೆ ಹೋಗಿದ್ದೆ. ಆಚೆ ಬೀದೀಲಿ ಹಾರ್ಮೋನಿಯಂ ಅಂಗಡಿ ಇದೆಯಲ್ಲ, ಅಲ್ಲಿಗೆ. ಬಾ ಅಂದಿದ್ದಾರೆ."

"ಇಲ್ಲಿ ಏನಾಗಿತ್ತು?"

"ನೆತ್ತಿ ಮೇಲೆ ಕ್ಯಾಮೆರಾ ಇಟ್ರಲ್ಲ ಚಿಕ್ಕಮ್ಮ. ಇಷ್ಟು ವರ್ಷ ಇಲ್ಲದ ಕಳ್ಳರು ಈಗ ಎಲ್ಲಿಂದ ಬಂದ್ರು? ನನ್ನನ್ನ ಕಾಯೋಕೇ ಇಟ್ಟಿದ್ದು ಅಂತ ಅರ್ಥ ಆಗದಷ್ಟು ದಡ್ಡನಲ್ಲ ನಾನು."

ಚಿಕ್ಕಮ್ಮ ಹಾರ್ಮೋನಿಯಂ ಅಂಗಡಿಗೆ ಫೋನ್ ಮಾಡಿದರು. ಮಾತು ನಿಜವಾಗಿತ್ತು. ಅಂಟಣ್ಣ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಅಲ್ಲೇ ಇದ್ದ.

ಮುಂದಿನ ಅನುಮಾನ ವೈಫೈನವನ ಮೇಲೆ. ಡಬ್ಬಿಯ ಮರ್ಮ ಬಲ್ಲವನು, ಎಲ್ಲಿ ಅದುಮಿದರೆ ಎಲ್ಲಿ ಆರುತ್ತದೆಂದು ತಿಳಿದವನು. ಫೋನಿನಲ್ಲಿ ಸಿಕ್ಕ. ಬೆಳಗಿನಿಂದ ಇನ್ನೊಂದು ಬಡಾವಣೆಯಲ್ಲಿ ಏಣಿಯ ಮೇಲಿದ್ದನಂತೆ. ಹಿಂದಿನಿಂದ ಸುತ್ತಿಗೆಯ ಸದ್ದೂ ಕೇಳಿಸಿತು.

"ಡಬ್ಬಿಗಳು ಆಫೇ ಆಗಿಲ್ಲ ಮೇಡಂ. ಇಲ್ಲಿಂದಲೇ ಕಾಣುತ್ತೆ ನನಗೆ. ಎರಡಕ್ಕೂ ಕರೆಂಟ್ ಇದೆ. ಒಂದರ ಮಾತು ಇನ್ನೊಂದಕ್ಕೆ ತಲುಪ್ತಿಲ್ಲ, ಅಷ್ಟೇ. ಹೋದ ವಾರವೂ ಒಂದಿನ ಹೀಗೇ ಆಗಿತ್ತು. ನಾನು ಬಂದು ನೋಡೋ ಹೊತ್ತಿಗೆ ತಾನೇ ಸರಿಹೋಗಿತ್ತು."

*

ಹಜಾರದಲ್ಲಿ ಭಾವ ಹಿತ್ತಿಲು ಕಾಣುವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಚಿಕ್ಕಮ್ಮನ ತೀರಿಹೋದ ಅಕ್ಕನ ಗಂಡ, ಮಗಳ ಅಪ್ಪ. ಒಂದು ಕಾಲದಲ್ಲಿ ಇವರು ತಟ್ಟಿ ನೋಡಿ ಒಪ್ಪಿದರೆ ಮಾತ್ರ ಅದು ಪಿಟೀಲು ಎನ್ನುವಂಥ ಹೆಸರು. ಈಗ ಚಹಾದ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು.

"ಬೆಳಿಗ್ಗೆ ಯಾರಾದ್ರೂ ಬಂದಿದ್ರಾ ಭಾವ?"

"ಯಾರೂ ಇಲ್ಲ. ಜೊಂಪು ಹತ್ತಿತ್ತು ನನಗೆ."

"ನಿಮ್ಮ ಮಗಳು ಅಂಟಣ್ಣ ಅಂತಿದ್ದಾಳೆ."

"ಅವನು ಅಂಥವನಲ್ಲ." ಲೋಟ ತಟ್ಟೆಗೆ ತಾಗಿ ಸದ್ದಾಯಿತು. "ಹುಡುಕಿದ್ರೆ ಮನೇಲೇ ಸಿಗುತ್ತೆ ಬಿಡು."

ಚಿಕ್ಕಮ್ಮ ಅವರನ್ನೊಮ್ಮೆ ನೋಡಿ, ಮಗಳನ್ನು ಕರೆದುಕೊಂಡು ಹಿತ್ತಿಲಿಗೆ ನಡೆದರು. ಆಕಾಶದ ತುಂಬ ಬೂದು ಮೋಡ. ಹಿಂದಿನ ಗೋಡೆಯ ಬಿಳಿ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅದರ ಮೂತಿಗೇ ಬಟ್ಟೆ ಒಣಹಾಕುವ ಹಗ್ಗ. ಹಗ್ಗದ ಮೇಲೆ ದಪ್ಪನೆಯ ರಜಾಯಿಯೊಂದು ಜೋತುಬಿದ್ದು ನೀರು ತೊಟ್ಟಿಕ್ಕುತ್ತಿತ್ತು.

"ಇಂಥ ಮೋಡದಲ್ಲಿ ರಜಾಯಿ ಒಗೆದೋರು ಯಾರೇ?"

"ಬಟ್ಟೆ ಒಗೆಯೋಳು ಹಾಕಿರಬೇಕು... ಅಲ್ಲ, ಅವಳು ಇವತ್ತು ರಜ." ಮಗಳು ಹುಬ್ಬು ಗಂಟಿಕ್ಕಿದಳು. "ರಜಾಯಿಗಳನ್ನೆಲ್ಲ ಹೋದ ವಾರವೇ ಒಗೆಸಿ, ಒಣಗಿಸಿ, ಅಮ್ಮನ ಪೆಟ್ಟಿಗೇಲಿ ಇಟ್ಟಿದ್ವಲ್ಲ."

"ಹೋದ ವಾರ ಕ್ಯಾಮೆರಾ ಕುರುಡಾಗಿದ್ದು ಯಾವತ್ತು?"

ಮಗಳು ರಜಾಯಿಯತ್ತ ತಿರುಗಿದಳು. ರಜಾಯಿಗಳನ್ನು ಒಣಹಾಕಿದ ಅದೇ ದಿನ.

ಚಿಕ್ಕಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ನೆಲ ನೋಡಿದರು. ಒಗೆಯುವ ಕಲ್ಲು ಒಣಗಿ ಬಿಳಿಚಿಕೊಂಡಿತ್ತು. ಕಲ್ಲಿನಿಂದ ಹಗ್ಗದವರೆಗೆ ಒಂದು ಹನಿ ನೀರು ಬಿದ್ದ ಗುರುತಿಲ್ಲ. ರಜಾಯಿಯ ಕೆಳಗೆ ಮಾತ್ರ ಕೆಸರು. ಗಿಡಕ್ಕೆ ನೀರು ಬಿಡುವ ಪೈಪು ಅಲ್ಲೇ ಬಿದ್ದಿತ್ತು. ಎದ್ದು ನಿಂತು ರಜಾಯಿಗೆ ಮೂಗು ಹಚ್ಚಿದರು. ಸೋಪಿನ ವಾಸನೆಯಿಲ್ಲ. ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು.

"ಫೋನ್ ನೋಡ್ತಿರು," ಎಂದು ರಜಾಯಿಯನ್ನು ಹಗ್ಗದ ತುದಿಗೆ ಸರಿಸಿದರು.

"ಬಂತು ಚಿಕ್ಕಮ್ಮ. ಮೇಜು ಕಾಣ್ತಿದೆ."

ಮತ್ತೆ ಡಬ್ಬಿಯ ಮುಂದಕ್ಕೆ ಎಳೆದರು.

"ಹೋಯ್ತು."

ಚಿಕ್ಕಮ್ಮನಿಗೆ ಗೆದ್ದೆನೆಂಬ ಖುಷಿ ಆಗಲಿಲ್ಲ. "ಅಂಟಣ್ಣನ್ನ ಹಜಾರಕ್ಕೆ ಕರಿ," ಎಂದರು.

*

"ಗಾಳೀಲಿ ಬರೋ ಇಂಟರ್ನೆಟ್ಟಿಗೆ ನೀರು ಅಂದ್ರೆ ಆಗಲ್ಲ," ಚಿಕ್ಕಮ್ಮ ನಿಧಾನವಾಗಿ ಶುರುಮಾಡಿದರು. "ಒಣ ಬಟ್ಟೆ ದಾಟುತ್ತೆ. ನೀರು ಕುಡಿದ ದಪ್ಪ ರಜಾಯಿ ಮೊದಲೇ ನಿತ್ರಾಣದ ಸಿಗ್ನಲ್‌ಗೆ ಗೋಡೆ ಇದ್ದ ಹಾಗೆ. ಹೋದ ವಾರ ಅದು ತಾನಾಗಿ ಆಯ್ತು. ಇವತ್ತು ಬೇಕಂತಲೇ ಮಾಡಿದ್ದು. ಒಗೆದ ರಜಾಯಿನ ಯಾರೂ ಮತ್ತೆ ನೆನೆಸಲ್ಲ."

ಚಿಕ್ಕಮ್ಮ ಹಿತ್ತಿಲ ಕಡೆ ಕೈ ತೋರಿಸಿದರು.

"ಒದ್ದೆ ರಜಾಯಿ ಎತ್ತೋ ಶಕ್ತಿ ಇದ್ದೋರು ಕಲ್ಲಿನ ಹತ್ತಿರ ನೆನೆಸಿ ತಂದು ಹಾಕ್ತಿದ್ರು. ಇವರು ಒಣ ರಜಾಯಿ ಹಗ್ಗಕ್ಕೆ ಹಾಕಿ ಆಮೇಲೆ ಪೈಪಲ್ಲಿ ನೀರು ಹೊಡೆದಿದ್ದಾರೆ. ತೋಳಲ್ಲಿ ಕಸುವಿಲ್ಲದವರು. ಹೋದ ವಾರ ಹಗ್ಗದಲ್ಲಿದ್ದದ್ದನ್ನೂ, ಫೋನ್ ಹಿಡ್ಕೊಂಡು ಇವಳು ಒದ್ದಾಡಿದ್ದನ್ನೂ ಕೂತಲ್ಲಿಂದಲೇ ನೋಡಿದವರು. ಇನ್ನು ಕೀಲಿ. ಎರಡಲ್ಲ, ಮೂರಿದೆ. ನಮ್ಮಕ್ಕ ಕಾರ್ಯಾಗಾರಕ್ಕೆ ಚಹಾ ಒಯ್ಯೋಳು. ಅವಳ ಗೊಂಚಲು ಅವಳ ಪೆಟ್ಟಿಗೇಲೇ ಇದೆ. ರಜಾಯಿಗಳ ಜೊತೆ. ಅಲ್ವಾ ಭಾವ?"

ಭಾವ ಎದ್ದರು. ಕೋಣೆಗೆ ಹೋಗಿ, ಹೆಂಡತಿಯ ಹಳೆಯ ಶಾಲಿನಲ್ಲಿ ಸುತ್ತಿದ್ದ ಗಂಟನ್ನು ಎದೆಗವಚಿಕೊಂಡು ಬಂದರು. ಅಂಟಣ್ಣ ಬಿಚ್ಚಿದ. ಪಿಟೀಲಿನ ಮೇಲ್ಹಲಗೆಯಲ್ಲಿ ಉದ್ದಕ್ಕೆ ಉಳಿ ಜಾರಿದ ಗೀರು. ಗೀರಿನ ಕೊನೆಗೆ ಮರ ಸೀಳಿತ್ತು.

"ಒಂದೇ ಒಂದು ಸಲ ಕೈಯಾಡಿಸೋಣ ಅನ್ನಿಸ್ತು," ಎಂದರು ಭಾವ. "ಆ ಕ್ಯಾಮೆರಾ ಕಳ್ಳರಿಗಲ್ಲ, ನನಗೆ ಅಂತ ಇಟ್ಟ ದಿನವೇ ಗೊತ್ತಾಗಿತ್ತು."

"ನಿಮಗಾ ಮೇಷ್ಟ್ರೇ?" ಅಂಟಣ್ಣ ತಲೆಯೆತ್ತಿದ. "ನನಗೆ ಅಂತಲ್ವಾ ನಾನು ಅಂದ್ಕೊಂಡಿದ್ದು."

ಮಗಳ ಕಣ್ಣು ತುಂಬಿತು. "ಅಪ್ಪನಿಗೇ ಇಟ್ಟಿದ್ದು. ನಾನಿಲ್ಲದಾಗ ಒಬ್ಬರೇ ಹೋಗಿ ಕೈ ಕೊಯ್ಕೊಂಡ್ರೆ ಏನು ಗತಿ ಅಂತ ಭಯ. ನೇರ ಹೇಳಿದ್ರೆ ನೊಂದ್ಕೋತಾರೆ ಅಂತ ಕಳ್ಳರ ನೆಪ ಹೇಳಿದೆ."

"ಪಿಟೀಲು ಸೀಳಿದ್ದು ಕೈತಪ್ಪು ಭಾವ," ಎಂದರು ಚಿಕ್ಕಮ್ಮ. ದನಿ ಏರಿರಲಿಲ್ಲ. "ಅಂಟಣ್ಣನ ತಲೆ ಮೇಲೆ ಅಪವಾದ ಬರುವಾಗ ಚಹಾ ಕುಡೀತಾ ಕೂತಿದ್ದು ಕೈತಪ್ಪಲ್ಲ."

ಭಾವ ಅಂಟಣ್ಣನ ಮುಂದೆ ಬಂದು ನಿಂತರು. ನಡುಗುವ ಕೈಗಳನ್ನು ಜೋಡಿಸಲು ಹೋದರು. ಅಂಟಣ್ಣ ಅವನ್ನು ಹಿಡಿದು ಕೆಳಗಿಳಿಸಿದ. ಆದರೆ ಪರವಾಗಿಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಪಿಟೀಲಿನವರು ಬಂದಿದ್ದರು. ಮಗಳು ಹೊರಟಳು. ಭಾವ ತಡೆದರು.

"ನಾನು ಹೇಳ್ತೀನಿ. ಹಾಳು ಮಾಡಿದ್ದು ನಾನು."

ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು, ರಜಾಯಿಯ ವಿಷಯವನ್ನೂ ಬಿಡದೆ. ಪಿಟೀಲಿನವರು ಗೀರಿನುದ್ದಕ್ಕೂ ಬೆರಳಾಡಿಸಿದರು. "ಸರಿಹೋಗುತ್ತಾ?" ಎಂದು ಕೊನೆಗೆ ಕೇಳಿದರು.

ಉತ್ತರ ಅಂಟಣ್ಣನಿಂದ ಬಂತು. "ಹೋಗುತ್ತೆ. ತಿಂಗಳು ಬೇಕು."

ಅವರು ಹೋದ ಮೇಲೆ ಮಗಳು ಅಳುಕುತ್ತ ಕೇಳಿದಳು. "ಹಾರ್ಮೋನಿಯಂ ಅಂಗಡಿಯವರು ಕೆಲಸಕ್ಕೆ ಬಾ ಅಂದಿದ್ದಾರಂತೆ? ಚಿಕ್ಕಮ್ಮ ಹೇಳಿದ್ರು."

"ತಿಂಗಳು ಬೇಕು ಅಂದ್ನಲ್ಲ ಅಕ್ಕ. ಆಮೇಲಿನ ಮಾತು ಆಮೇಲೆ." ಅಂಟಣ್ಣ ಪಿಟೀಲು ಎತ್ತಿಕೊಂಡು ಹಿತ್ತಿಲಿಗೆ ಇಳಿದ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡದೆಯೇ, "ಬನ್ನಿ ಮೇಷ್ಟ್ರೇ, ಹಲಗೆ ಹಿಡ್ಕೊಳ್ಳೋರು ಬೇಕು," ಎಂದ.

ಕಾರ್ಯಾಗಾರದಲ್ಲಿ ದೀಪ ಹತ್ತಿತು. ಮಗಳು ರಜಾಯಿ ತೆಗೆಯಲೆಂದು ಹಗ್ಗಕ್ಕೆ ಕೈಹಾಕಿದಳು. ಕಾರ್ಯಾಗಾರದ ಕ್ಯಾಮೆರಾ ನೆನಪಾಗಿ ಕೈ ಹಿಂದೆಗೆದಳು. ಆಮೇಲೆ ಬಗ್ಗಿ ಪೈಪು ಎತ್ತಿಕೊಂಡು, ಒಣಗತೊಡಗಿದ್ದ ರಜಾಯಿಯ ಅಂಚಿಗೆ ಇನ್ನಷ್ಟು ನೀರು ಬಿಟ್ಟಳು.