ಮೆಟ್ಟಿಲ ಕೆಳಗಿನ ತಿರುಪು

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಎಚ್ಚರಿಸಿದ್ದರು. ಕಣ್ಣು, ಬಾಯಿ ಇರುವ ಗೋಡೆಯ ಸುದ್ದಿ ಅವರಿಗೂ ಗೊತ್ತಿರಲಿಲ್ಲ. ಮಾವ ಮಲಗಿದ್ದ ಕೋಣೆಯ ಗೋಡೆಗೆ ಅವೆರಡೂ ಬಂದ ದಿನವೇ ಅಳಿಯನ ಬದುಕು ಮುಗಿದಿತ್ತು. ಉಸಿರಾಟ ಮಾತ್ರ ನಡೆಯುತ್ತಿತ್ತು.

ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಒಂದು ಸೀಟಿಗೆ ಇಡೀ ಮೈದಾನವನ್ನು ನಿಲ್ಲಿಸುತ್ತಿದ್ದ ಮನುಷ್ಯನಿಗೆ ಲಕ್ವ ಹೊಡೆದ ಮೇಲೆ ಬಲಗೈಯೊಂದನ್ನು ಬಿಟ್ಟು ಮೈಯಲ್ಲಿ ಯಾವುದೂ ಮಾತು ಕೇಳುತ್ತಿರಲಿಲ್ಲ. ಆ ಕೈಯಲ್ಲೊಂದು ಚಮಚ. ಏನು ಬೇಕಾದರೂ ಅದರಿಂದ ಮಂಚದ ಕಂಬಿಗೆ ಟಣಟಣ ಬಡಿಯುತ್ತಿದ್ದರು. ಅಳಿಯ ಆಗ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. “ಅಪ್ಪ ಸ್ವಲ್ಪ ಚೇತರಿಸಿಕೊಳ್ಳೋವರೆಗೂ ನೀವು ಮನೇಲಿದ್ದುಬಿಡಿ ರೀ,” ಎಂದಳು. ಮನೆ ಮಾವನದು. ಮನೆ ಅಳಿಯನಾದವನು ಎದುರು ಮಾತಾಡುವುದು ಹೇಗೆ? ಕೆಲಸ ಬಿಟ್ಟ. ಮಾವ ಚೇತರಿಸಿಕೊಳ್ಳಲೂ ಇಲ್ಲ, ಹೊರಡಲೂ ಇಲ್ಲ. ಪ್ರೆಸ್ಸಿನವರು ಅವನ ಜಾಗಕ್ಕೆ ಯಂತ್ರ ತಂದರು.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಹೆಂಡತಿ ಮಂಚದ ಎದುರಿನ ಗೋಡೆಗೆ ಸ್ಪೀಕರ್ ಇರುವ ಇಂಟರ್ನೆಟ್ ಕ್ಯಾಮೆರಾ ಹಾಕಿಸಿದಳು. ಕಾರ್ಖಾನೆಯಲ್ಲಿ ದಾರದ ಡಬ್ಬಕ್ಕೆ ಫೋನು ಒರಗಿಸಿಟ್ಟುಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ದಿನವಿಡೀ ಅಪ್ಪನನ್ನು ಕಾಯುತ್ತಿದ್ದಳು. ಕಾಯುತ್ತಿದ್ದುದು ಅಪ್ಪನನ್ನೋ ಗಂಡನನ್ನೋ ಎಂಬುದು ಅಳಿಯನ ಅನುಮಾನ. ಅವನು ಕಾಲು ಚಾಚಿ ಕೂತರೆ ಸಾಕು, ಗೋಡೆ ಬಾಯಿ ಬಿಡುತ್ತಿತ್ತು. “ರೀ, ದಿಂಬು ಜಾರಿದೆ ನೋಡಿ.” “ರೀ, ಅಪ್ಪ ಟ್ಯೂಬ್ ಕಿತ್ಕೊಂಡ್ರು!” “ಕೂತಲ್ಲೇ ನಿದ್ದೆನಾ?” ಮೂಗಿಗೆ ಹಾಕಿದ ಆಕ್ಸಿಜನ್ ಟ್ಯೂಬನ್ನು ಕಿತ್ತುಹಾಕುವುದು ಮಾವನ ಚಟ. ಅದಿಲ್ಲದಿದ್ದರೆ ಜೀವ ಹೆಚ್ಚು ಹೊತ್ತು ತಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಕಿತ್ತಾಗಲೆಲ್ಲ ಗೋಡೆ ಕೂಗುತ್ತಿತ್ತು, ಅಳಿಯ ಓಡುತ್ತಿದ್ದ.

ಆಮೇಲೊಂದು ದಿನ ಗೋಡೆ ಸುಮ್ಮನಾಯಿತು.

ಇಂಟರ್ನೆಟ್ ಹೋಗಿತ್ತು. ಜೊತೆಗೆ ಮಾವನ ಟಿವಿಯೂ ನಿಂತು, ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರ ಬಂತು. ಅಳಿಯ ಮೊದಲು ಗಾಬರಿಯಾದ, ನಂತರ ಕುರ್ಚಿಯಲ್ಲಿ ಒರಗಿದ, ಆಮೇಲೆ ಕಣ್ಣು ತುಂಬಿ ಅತ್ತ. ತನ್ನನ್ನು ಯಾರೂ ನೋಡುತ್ತಿಲ್ಲವೆಂಬ ಸುಖ ಹೇಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ಸಂಪರ್ಕ ತಾನಾಗಿಯೇ ಮರಳಿತು, ಮತ್ತೆ ಹೋಯಿತು, ಮತ್ತೆ ಬಂತು.

ಹೆಂಡತಿಯ ಕಾಟಕ್ಕೆ ಕೇಬಲ್‌ನವನನ್ನು ಕರೆಸಿದ. ಅವನು ಅಟ್ಟದ ಮೇಲಿದ್ದ ಮೋಡೆಮ್ ಆರಿಸಿ ಹಚ್ಚಿ, “ಇನ್ನು ಹೋಗಲ್ಲ ಸಾರ್,” ಎಂದ. ಹೋಯಿತು. ಇನ್ನೊಮ್ಮೆ ಬಂದು ವೈರ್ ಬದಲಿಸಿದ. ಆಮೇಲೆ ಮೋಡೆಮ್ಮನ್ನೇ ಬದಲಿಸಿದ. ಬಿಸಿಲಿಗೆ ಬೈದ, ಅಳಿಲಿಗೆ ಬೈದ. ಕೊನೆಗೆ ಮೆಟ್ಟಿಲ ಕೆಳಗಿನ ಡಬ್ಬಿ ತೆರೆದು ತೋರಿಸಿದ.

“ನೋಡಿ ಸಾರ್, ಕಂಬದಿಂದ ಬರೋದು ಒಂದೇ ಕೇಬಲ್ಲು. ಇಲ್ಲಿ ಎರಡಾಗಿ ಒಂದು ಟಿವಿಗೆ, ಒಂದು ಇಂಟರ್ನೆಟ್ಟಿಗೆ ಹೋಗುತ್ತೆ. ಈ ತಿರುಪು ಸಡಿಲ ಆಗಿದ್ರೆ ಎರಡೂ ಗೋತಾ. ಟೈಟ್ ಮಾಡಿದೀನಿ.”

ಅಂದಿನಿಂದ ಸಂಪರ್ಕ ಬಂಡೆಯಂತೆ ಗಟ್ಟಿಯಾಯಿತು. ಗೋಡೆ ಸಂಜೆಯವರೆಗೆ ಮಾತಾಡಿತು. ಅಳಿಯ ಎರಡು ದಿನ ತಡೆದುಕೊಂಡ. ಮೂರನೆಯ ದಿನ ಕಸ ಹಾಕುವ ನೆಪದಲ್ಲಿ ಕೆಳಗಿಳಿದು ತಿರುಪನ್ನು ಅರ್ಧ ಸುತ್ತು ಸಡಿಲಿಸಿದ. ಮೇಲೆ ಟಿವಿಯ ಗದ್ದಲ ಥಟ್ಟನೆ ನಿಂತಿತು. ಗೋಡೆಯ ಬಾಯಿಯೂ ಮುಚ್ಚಿತು.

ಮೊದಮೊದಲು ಅದು ನಿದ್ದೆಗಾಗಿ ಮಾತ್ರ. ಕೊಲ್ಲುವ ಯೋಚನೆ ಯಾವತ್ತು ಬಂತೆಂದು ಅವನಿಗೂ ಹೇಳಲಾಗದು. ಹೀಗೊಂದು ಮಧ್ಯಾಹ್ನ ಕಣ್ಣುಬಿಟ್ಟಾಗ ಮಾವ ಟ್ಯೂಬು ಕಿತ್ತುಕೊಂಡು ಏದುಸಿರು ಬಿಡುತ್ತಿದ್ದರು. ಅಳಿಯ ಎದ್ದು ಹಾಕಿದ, ನಿಜ. ಆದರೆ ಏಳುವ ಮುಂಚೆ ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದ.

ಆಮೇಲಿನದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊಂದಿಕೊಂಡಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೋಡೆಮ್ಮಿನ ಸ್ವಿಚ್ ಆರಿಸುವುದು ದಡ್ಡರ ಕೆಲಸ, ಮನೆಯೊಳಗಿರುವವನು ತಾನೊಬ್ಬನೇ. ಮೆಟ್ಟಿಲು ಬೀದಿಗೆ ತೆರೆದದ್ದು, ತಿರುಪು ಕಂಪನಿಯದು. ಇಂಟರ್ನೆಟ್ ಹೋಗುವುದು ಈ ಮನೆಯಲ್ಲಿ ನಲ್ಲಿ ನೀರು ನಿಂತಷ್ಟು ಮಾಮೂಲಾಗಬೇಕು. ಹಾಗಾಗಿ ವಾರದಲ್ಲಿ ಎರಡು ಮೂರು ಸಲ ಸಡಿಲಿಸಿದ, ಮತ್ತೆ ಬಿಗಿದ. ಕೆಳಗಿನ ಇಸ್ತ್ರಿ ಅಂಗಡಿಯ ಎದುರು ನಿಂತು ಬೀದಿಗೆಲ್ಲ ಕೇಳುವಂತೆ ಕಂಪನಿಗೆ ಫೋನು ಮಾಡಿದ.

“ಎಷ್ಟು ಸಲ ಹೇಳೋದ್ರೀ ನಿಮಗೆ? ತೇಪೆ ಹಾಕೋದು ಬಿಟ್ಟು ಶಾಶ್ವತವಾಗಿ ಏನಾದ್ರೂ ಮಾಡಿ!”

“ಮತ್ತೆ ಹೋಯ್ತಾ ಸಾರ್?” ಎಂದು ಇಸ್ತ್ರಿಯವನು ಮರುಗುತ್ತಿದ್ದ. ಮೊದಲು ಹುಚ್ಚಿಯಂತೆ ಮನೆಗೆ ಫೋನು ಮಾಡುತ್ತಿದ್ದ ಹೆಂಡತಿ ಈಗ “ಬಂದಾಗ ಬರುತ್ತೆ ಬಿಡಿ,” ಎನ್ನುವಷ್ಟಾದಳು. ಅದೇ ಅವನಿಗೆ ಬೇಕಾದದ್ದು.

ಸಣ್ಣಪುಟ್ಟದ್ದನ್ನೂ ಅವನು ಬಿಡಲಿಲ್ಲ. ಸಂಪರ್ಕ ಇದ್ದಾಗ ಉರಿಯುವ ಕ್ಯಾಮೆರಾದ ಹಸಿರು ದೀಪ ಕಣ್ಣಿಗೆ ಚುಚ್ಚುತ್ತದೆಂದು ಮಾವ ಮುಖ ಸಿಂಡರಿಸಿದಾಗ ಅದಕ್ಕೆ ತಾನೇ ಕಪ್ಪು ಟೇಪು ಅಂಟಿಸಿದ್ದ. ಸೇವೆ ಮಾಡುವ ಅಳಿಯನೆಂದು ಹೆಂಡತಿಯೂ ಮೆಚ್ಚಿದ್ದಳು. ದೀಪ ನೋಡುವ ಅಗತ್ಯ ಅವನಿಗಿರಲಿಲ್ಲ. ಟಿವಿ ಸತ್ತರೆ ಇಂಟರ್ನೆಟ್ಟೂ ಸತ್ತಂತೆ. ತಿರುಪು ಸಡಿಲಿಸುವುದು, ಟ್ಯೂಬು ತೆಗೆದು ಮಾವನ ಕೈಗೆ ಕೊಡುವುದು, ಅಂಗಡಿಯ ಮುಂದೆ ನಿಂತು ಕಂಪನಿಯ ಜೊತೆ ಜಗಳಾಡುವುದು, ನಿಧಾನವಾಗಿ ಮರಳುವುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಜನ ಲೊಚಗುಟ್ಟುತ್ತಾರೆ. ಆಮೇಲೆ ಯಾವುದಾದರೂ ಪ್ರೆಸ್ಸಿಗೆ ಹೋಗಿ ಅಂಟಿನ ವಾಸನೆಯ ನಡುವೆ ಕೂರಬೇಕು. ಅದಕ್ಕಿಂತ ದೊಡ್ಡ ಆಸೆ ಅವನಲ್ಲಿ ಉಳಿದಿರಲಿಲ್ಲ.

ಗೊತ್ತು ಮಾಡಿದ ದಿನದ ಹಿಂದಿನ ದಿನ ಹೆಂಡತಿಗೆ ರಜೆ. ಔಷಧಿ ತರಲು ಹೋಗಿದ್ದ ಅಳಿಯ ಮನೆಗೆ ಬಂದಾಗ ಅವಳು ಬಟ್ಟೆ ಮಡಿಸುತ್ತಿದ್ದಳು.

“ಕೇಬಲ್‌ನವರು ಬಂದು ರಿಪೇರಿ ಮಾಡಿ ಹೋದ್ರು. ಇನ್ನು ಹೋಗಲ್ಲ ಅಂದ್ರು.”

“ಅವನು ಯಾವತ್ತು ಹೋಗುತ್ತೆ ಅಂದಿದ್ದ?” ಎಂದ ಅಳಿಯ. ಇಬ್ಬರೂ ನಕ್ಕರು. ಅವರು ಹಾಗೆ ಒಟ್ಟಿಗೆ ನಕ್ಕು ಬಹಳ ಕಾಲವಾಗಿತ್ತು. ಆದರೂ ಇಳಿದುಹೋಗಿ ಡಬ್ಬಿ ತೆರೆದು ನೋಡಿದ. ಅದೇ ಕೇಬಲ್ಲು, ಅದೇ ತಿರುಪು. ಸ್ವಲ್ಪ ಬಿಗಿದಿದ್ದರು, ಅಷ್ಟೇ.

ಮರುದಿನ ಹೆಂಡತಿ ಕೆಲಸಕ್ಕೆ ಹೋದಳು. ಅಳಿಯ ಕೋಣೆ ಗುಡಿಸಿದ. ಕಿಟಕಿಯ ಕೆಳಗೆ ಇಟ್ಟಿಗೆ ಬಣ್ಣದ ಧೂಳು ಬಿದ್ದಿತ್ತು. ಹಳೇ ಮನೆ, ಉದುರದೆ ಇನ್ನೇನು ಎಂದುಕೊಂಡು ಮೊರಕ್ಕೆ ತುಂಬಿದ. ಮಾವ ಚಮಚ ಬಡಿದು ಕಿಟಕಿಯ ಕಡೆ ಕೈ ಮಾಡಿದರು.

“ಬಿಸಿಲಾ ಮಾವ?” ಎಂದು ಪರದೆಯನ್ನು ಪೂರ್ತಿ ಎಳೆದ.

ಮಾವ ಇನ್ನೂ ಜೋರಾಗಿ ಬಡಿದು, ಕಿಟಕಿ ತೋರಿಸಿ, ಗೋಡೆ ತೋರಿಸಿದರು. ಆಮೇಲೆ ಕೈ ಸೋತು ಸುಮ್ಮನಾದರು. ಅವರ ಅರ್ಧ ತುಟಿ ಓರೆಯಾಗಿ ಎದ್ದದ್ದು ನಗುವೋ ನೋವೋ ತಿಳಿಯಲಿಲ್ಲ.

ಅಳಿಯ ಮೆಟ್ಟಿಲಿಳಿದು ತಿರುಪು ಸಡಿಲಿಸಿದ. ಮೇಲೆ ಟಿವಿ ನಿಂತಿತು. ಕೋಣೆಗೆ ಬಂದು ‘ಸಿಗ್ನಲ್ ಇಲ್ಲ’ ಎಂಬುದನ್ನು ಓದಿಕೊಂಡ. ಮಾವನ ಕಿವಿಯ ಹಿಂದಿನಿಂದ ಟ್ಯೂಬನ್ನು ಬಿಡಿಸಿದ. ಚಮಚ ತೆಗೆದಿಟ್ಟು, ಟ್ಯೂಬನ್ನು ಆ ಬಲಗೈಯಲ್ಲಿರಿಸಿ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಮಾವ ಅಡ್ಡಿ ಮಾಡಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಅವನ ಹೆಗಲಾಚೆ ಗೋಡೆಯನ್ನೇ ನೋಡುತ್ತಿದ್ದರು.

“ರೀ,” ಎಂದಿತು ಗೋಡೆ. ಅಳಿಯ ಟಿವಿ ನೋಡಿದ; ಸಿಗ್ನಲ್ ಇರಲಿಲ್ಲ. ಕಿಟಕಿಗೆ ಧಾವಿಸಿ ಪರದೆ ಸರಿಸಿದ. ಚೌಕಟ್ಟಿನ ಪಕ್ಕ ಹೊಸದಾಗಿ ಕೊರೆದ ತೂತಿನಿಂದ ಬಿಳಿಯ ಕೇಬಲ್ಲೊಂದು ನುಸುಳಿ, ಪರದೆಯ ಮರೆಯಲ್ಲೇ ಗೋಡೆ ಹಿಡಿದು ಅಟ್ಟದ ಮೋಡೆಮ್ಮಿನತ್ತ ಏರಿತ್ತು. ಅಷ್ಟು ಸಲ ಬೈಸಿಕೊಂಡ ಕೇಬಲ್‌ನವನು ಶಾಶ್ವತವಾಗಿ ಏನಾದರೂ ಮಾಡಿದ್ದ. ಇಂಟರ್ನೆಟ್ಟಿಗೆಂದೇ ಕಂಬದಿಂದ ಬೇರೆ ಕೇಬಲ್ ಎಳೆದು, ಹಳೆಯದನ್ನು ಟಿವಿಗೆ ಬಿಟ್ಟುಹೋಗಿದ್ದ. “ಅಪ್ಪನ ಟ್ಯೂಬ್ ಹಾಕಿ,” ಎಂದಳು ಹೆಂಡತಿ. ಅವಳು ಕೂಗಲಿಲ್ಲ, ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು. ಅಳಿಯ ಮಾವನ ಬೆರಳು ಬಿಡಿಸಿ ಟ್ಯೂಬು ತೆಗೆದುಕೊಂಡ. ಟ್ಯೂಬು ಕೂರಲು ಹೊತ್ತು ಹಿಡಿಯಿತು. “ಅಲ್ಲೇ, ನನಗೆ ಕಾಣೋ ಹಾಗೆ ನಿಂತಿರಿ. ನಾನು ಬರೋವರೆಗೂ ನೋಡ್ತಾ ಇರ್ತೀನಿ.”