ಎದುರಿನವರ ಪರವಾಗಿ

ಹೊಲಿಗೆ ಮೆಷಿನ್ನಿಗೆ ಯಾರಾದರೂ ಸಾರಿ ಕೇಳಿದ್ದನ್ನು ನೋಡಿದ್ದೀರಾ? ಅವಳು ನೋಡಿದಳು. ಅದೂ ತನ್ನದೇ ಮೆಷಿನ್ನಿಗೆ, ತಾನು ಅದರ ಹಿಂದೆಯೇ ಕೂತಿದ್ದಾಗ.

ಬೀದಿಯ ತಿರುವು, ಔಷಧಿ ಅಂಗಡಿಯ ಗೋಡೆಪಕ್ಕದ ಫುಟ್‌ಪಾತು. ಅವಳು ಯಾರದೋ ಪ್ಯಾಂಟಿನ ಕಾಲು ಮಡಚುತ್ತಿದ್ದಳು. ಇಸ್ತ್ರಿಯ ಗೆರೆ ಮುರಿಯದ ತಿಳಿನೀಲಿ ಶರ್ಟಿನವನೊಬ್ಬ ಬಿಳಿ ಕೋಲು ಆಡಿಸುತ್ತಾ ಸರಸರ ಬಂದ. ಕೋಲು ಪೆಡಲಿನೊಳಗೆ ಸಿಕ್ಕಿಕೊಂಡಿತು, ಮೊಣಕಾಲು ಸ್ಟ್ಯಾಂಡಿಗೆ ಬಡಿಯಿತು, ಕತ್ತರಿ, ದಾರದುಂಡೆ ಎಲ್ಲ ನೆಲಕ್ಕೆ.

"ಸಾರಿ, ಸಾರಿ. ಪೆಟ್ಟಾಯ್ತಾ ನಿಮಗೆ? ತಪ್ಪು ನಂದೇ, ಸ್ವಲ್ಪ ಅವಸರದಲ್ಲಿದ್ದೆ."

ಉತ್ತರ ಬರಲಿಲ್ಲ.

"ಕೋಪ ಬಂದಿದೆ ಅನ್ಸುತ್ತೆ. ಬರಲೇಬೇಕು ಬಿಡಿ. ನಾನಾಗಿದ್ರೆ ಇಷ್ಟೊತ್ತಿಗೆ ಬೈದು ಮುಗಿಸಿರ್ತಿದ್ದೆ." ಹೀಗೆ ಇನ್ನೂ ನಾಲ್ಕು ಮಾತಾಡಿ, ಕೈ ಚಾಚಿ ಸವರಿದ. ತಣ್ಣನೆಯ ಕಬ್ಬಿಣ. "ಓ, ಮೆಷಿನ್ನಾ" ಎಂದು ತನ್ನಷ್ಟಕ್ಕೆ ನಕ್ಕು, ಕೋಲು ಬಿಡಿಸಿಕೊಂಡು ಹೋದ.

ಅವಳು ಮಾತಾಡದಿದ್ದದ್ದು ಕೊಬ್ಬಿನಿಂದಲ್ಲ. ಮಾತು ಅನ್ನುವುದು ಒಳಗಿಂದ ಎಲ್ಲಿಂದಲೋ ಎದ್ದು ಬರಬೇಕಲ್ಲ, ಆ ಶ್ರಮ ಅವಳಿಗೆ ಬೇಡವಾಗಿತ್ತು. ಗಂಡ ಹೋಗಿ ವರ್ಷ ತುಂಬಿತ್ತು. ಮೆಷಿನ್ ಅವನದು, ಜಾಗವೂ ಅವನದೇ. ಹೃದಯ ನಿಂತಿತು ಅಂದರು ಡಾಕ್ಟರು, ಇವಳು ಸರಿ ಅಂದಳು. ಅಳು ಬರಲಿಲ್ಲ. ನೋಡಲು ಬಂದವರು "ಗಟ್ಟಿಗಿತ್ತಿ ಕಣಮ್ಮ" ಎಂದು ಬೆನ್ನು ತಟ್ಟಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆಯವರ ಕಾಲು ಅನ್ನಿಸುತ್ತದಲ್ಲ, ಅವಳ ಪಾಡು ಅದು. ಜೊತೆಗಿದ್ದ ಅತ್ತೆ ಮಾತ್ರ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. "ಸತ್ತವನು ಒಬ್ಬ. ಮನೇಲಿ ಕಾಣೆಯಾದವರು ಮಾತ್ರ ಇಬ್ಬರು."

ಆ ದಿನಗಳಲ್ಲೇ ನಗರಸಭೆಯವರು ಹೇಳಿ ಕಳಿಸಿದ್ದರು. ಬೀದಿಯ ಸಂಘಗಳೆಲ್ಲ ಕೂಡಿ ಒಂದು ಮಾತಿಗೆ ಬಂದರೆ ಅದರಂತೆ ನಡೆಯುತ್ತೇವೆ, ಇಲ್ಲವಾದರೆ ಫುಟ್‌ಪಾತಿನ ವ್ಯಾಪಾರಿಗಳೆಲ್ಲ ಎತ್ತಂಗಡಿ. ಹಾಗಾಗಿ ಬೀದಿ ವ್ಯಾಪಾರಿಗಳ ಸಂಘ, ಅಂಗವಿಕಲರ ಸಂಘ, ನಿವಾಸಿಗಳ ಸಂಘ ಎಲ್ಲ ಸೇರಿ ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ ಕೂತವು. ಪುಟ್ಟ ಬೆಂಚುಗಳು. ದೊಡ್ಡವರ ಮಂಡಿಗಳೆಲ್ಲ ಗಲ್ಲಕ್ಕೆ ತಾಗುತ್ತಿದ್ದವು. ಸಭೆ ನಡೆಸುತ್ತಿದ್ದವರು ನಿವೃತ್ತ ನರ್ಸ್, ಎಲ್ಲರ ಬಾಯಲ್ಲೂ ಸಿಸ್ಟರ್.

ತಿಳಿನೀಲಿ ಶರ್ಟಿನವನು ಅಲ್ಲಿದ್ದ. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್, ಆದ್ದರಿಂದ ಹೆಸರೇ ಆಪರೇಟರ್. ಎದ್ದು ನಿಂತು ದೂರಿದ. "ತಿರುವಲ್ಲಿ ಒಂದು ಅನಾಥ ಹೊಲಿಗೆ ಮೆಷಿನ್ ಇದೆ ಸಿಸ್ಟರ್. ಹೇಳೋರು ಕೇಳೋರು ಯಾರೂ ಇಲ್ಲ."

ಕೋಣೆ ಗೊಳ್ಳೆಂದಿತು. ಎಲ್ಲರೂ ಅವಳತ್ತ ತಿರುಗಿದರು.

"ಅದು ನಂದು" ಎಂದಳು ಅವಳು.

ಅವನು ದನಿ ಬಂದ ಕಡೆ ಮುಖ ತಿರುಗಿಸಿದ. "ಮೊನ್ನೆ ನಾನು ಸಾರಿ ಕೇಳಿದಾಗ ನೀವು ಅಲ್ಲೇ ಇದ್ರಾ?"

"ಇದ್ದೆ."

"ಪೂರ್ತಿ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

ಅವನ ಕಿವಿ ಕೆಂಪಾಗುವುದನ್ನು ಅವಳು ನೋಡಿದಳು. ಯಾಕೋ ಕಣ್ಣು ತೆಗೆಯಬೇಕು ಅನ್ನಿಸಲಿಲ್ಲ.

ಸಿಸ್ಟರ್ ಮೇಜು ಕುಟ್ಟಿದರು. ಅವರದೊಂದು ಪದ್ಧತಿ ಇತ್ತು. ಜಗಳ ಇರುವವರು ತಮ್ಮ ವಾದ ಮನೆಯಲ್ಲಿಟ್ಟು ಬಂದು, ಸಭೆಯಲ್ಲಿ ಎದುರಿನವರ ವಾದ ಹೇಳಬೇಕು. ಎದುರಿನವರು "ಹೌದು, ಇದೇ ನನ್ನ ಮಾತು" ಅನ್ನುವವರೆಗೂ ಕೂರುವ ಹಾಗಿಲ್ಲ. "ಟೈಲರಕ್ಕ, ನೀನು ಆಪರೇಟರ್ ಪರ. ಆಪರೇಟರ್, ನೀವು ಇವಳ ಪರ. ಮುಂದಿನ ಸಭೆ ಒಳಗೆ ಒಬ್ಬರನ್ನೊಬ್ಬರು ಕಲಿತು ಬನ್ನಿ."

ಮಾರನೆಯ ಸಂಜೆಯೇ ಅವನು ಬ್ಯಾಂಕು ಮುಗಿಸಿ ಬಂದು ಮೆಷಿನ್ನಿನ ಪಕ್ಕ ಸ್ಟೂಲು ಹಾಕಿ ಕೂತ. ದಿನವೂ ಬರತೊಡಗಿದ. ಮಾತಿನ ಮಲ್ಲ, ಪುಣ್ಯಾತ್ಮ. ತನ್ನ ಶರ್ಟುಗಳ ಬಗ್ಗೆ ಅವನಿಗೆ ಇನ್ನಿಲ್ಲದ ಜಂಬ. ಯಾವ ಬಣ್ಣ ತನಗೆ ಒಪ್ಪುತ್ತದೆ ಎಂದು ತಂಗಿ ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದ.

"ಎಲ್ಲರೂ ಟೈಲರಕ್ಕ ಅಂತಾರೆ. ನೀವು ಮಾತ್ರ ಯಾಕೆ ಟೈಲರ್ ಮೇಡಂ ಅನ್ನೋದು?" ಎಂದು ಅವಳು ಒಂದು ದಿನ ಕೇಳಿದಳು.

"ಅಕ್ಕ ಅಂದ್ಬಿಟ್ರೆ ಮುಂದೆ ತೊಂದರೆ ಆಗುತ್ತೆ."

ಅವಳು ಅವನ ಮುಖ ನೋಡಿದಳು. ಕಾಣದವನನ್ನು ನೋಡುವುದರಲ್ಲಿ ಎಂಥ ಸಲೀಸು, ಯಾರ ಹಂಗೂ ಇಲ್ಲ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಕೆಳತುಟಿಯ ಕೊನೆಯಲ್ಲಿ ನಗು ಬರಲೋ ಬೇಡವೋ ಎಂದು ಕೂತಿತ್ತು.

"ನೋಡ್ತಿದ್ದೀರಿ" ಎಂದ.

"ಇಲ್ಲಪ್ಪ."

"ಮೆಷಿನ್ ನಿಂತಿದೆಯಲ್ಲ ಮೇಡಂ."

ಅವಳು ಗಡಬಡಿಸಿ ಪೆಡಲು ತುಳಿದಳು. ಬೇಡದ ಕಡೆ ಹೊಲಿಗೆ ಬಿತ್ತು. ಬಿಚ್ಚುತ್ತಾ ಕೂತಾಗ ತುಟಿ ತಾನಾಗಿ ಬಿರಿಯಿತು. ಆದರೆ ಎದೆಯವರೆಗೆ ಏನೂ ಇಳಿಯಲಿಲ್ಲ. ಅದನ್ನೂ ಅವಳು ಗಮನಿಸಿದಳು, ಪಕ್ಕದ ಮನೆಯವರ ಸುದ್ದಿಯ ಹಾಗೆ.

ಮನೆಯಲ್ಲಿ ಅತ್ತೆ ತಟ್ಟೆ ಮುಂದಿಡುತ್ತಾ ಕೇಳಿದರು. "ಆ ಮಾತುಗಾರ ಇವತ್ತೂ ಬಂದಿದ್ನಾ?"

"ಸಂಘದ ಕೆಲಸ ಅತ್ತೆ."

"ನಾನು ಬೇರೆ ಏನಾದ್ರೂ ಅಂದ್ನಾ? ಉಣ್ಣು."

ಅವಳು ಕಲಿಯುವ ಸರದಿ ಬಂತು. ಬಟ್ಟೆಯ ಪಟ್ಟಿಯಿಂದ ಕಣ್ಣು ಕಟ್ಟಿಕೊಂಡು, ಅವನ ಕೋಲು ಹಿಡಿದು ಬೀದಿಯ ಆ ತುದಿಯಿಂದ ಹೊರಟಳು. ಅವನು ಅವಳ ತೋಳು ಹಿಡಿದು ಪಕ್ಕದಲ್ಲಿದ್ದ. "ಗೋಡೆ ಬಿಡಬೇಡಿ. ತಿರುವಲ್ಲಿ ಗೋಡೆನೇ ನಮಗೆ ದಾರಿ ತೋರ್ಸೋದು" ಎಂದ. ಗೋಡೆ ಸವರುತ್ತಾ ಬಂದಳು. ಕೋಲಿಗೆ ಕಬ್ಬಿಣ ತಾಗಿತು. ತನ್ನದೇ ಮೆಷಿನ್. ಅದನ್ನು ಬಳಸಲು ಗೋಡೆ ಬಿಟ್ಟು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟಳು. ಪಾದ ಫುಟ್‌ಪಾತಿನಿಂದ ಕೆಳಗಿಳಿಯಿತು. ಹಾರ್ನು. ಮುಖಕ್ಕೆ ಬಸ್ಸಿನ ಬಿಸಿ ಗಾಳಿ. ಅವನು ಅವಳನ್ನು ತೋಳು ಕಿತ್ತುಬರುವ ಹಾಗೆ ಹಿಂದಕ್ಕೆಳೆದ.

ಪಟ್ಟಿ ಬಿಚ್ಚಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಅವನು ಮಾತ್ರ ಅವಳ ತೋಳು ಬಿಡದೆ ಗೋಡೆಗೆ ಒರಗಿ ನಿಂತಿದ್ದ.

"ನೀವು ದಿನಾ ಹೀಗೇ ಕೆಳಗಿಳಿದು ಹೋಗ್ತೀರಾ?"

"ಇಳೀಲೇಬೇಕಲ್ಲ."

"ಮೊದಲೇ ಯಾಕೆ ಬೈಲಿಲ್ಲ ನನಗೆ?"

"ಬೈದ್ರೆ ನೀವು ಮೆಷಿನ್ ಎತ್ಕೊಂಡು ಹೋಗ್ಬಿಡ್ತೀರಿ. ಆಮೇಲೆ ನಾನು ಸಂಜೆ ಎಲ್ಲಿಗೆ ಬರೋದು?" ದನಿಯಲ್ಲಿ ತಮಾಷೆ ಇತ್ತು, ತೋಳು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಸಭೆಯ ಹಿಂದಿನ ಸಂಜೆ ಇಬ್ಬರೂ ಕಲಿತದ್ದನ್ನು ಒಮ್ಮೆ ಒಪ್ಪಿಸಿ ನೋಡೋಣ ಎಂದುಕೊಂಡರು. ಅವನು ಗಂಟಲು ಸರಿಮಾಡಿ ಶುರುಮಾಡಿದ. "ನಾನು ಟೈಲರ್. ಈ ತಿರುವಲ್ಲಿ ಕೂತ್ರೆ ನಾಲ್ಕೂ ಕಡೆಯಿಂದ ಗಿರಾಕಿ. ಇದು ನನ್ನ ಗಂಡ ಕೂತ ಜಾಗ. ಇಲ್ಲಿ ಅವರ ನೆನಪು ತುಂಬಿದೆ, ಅದನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ. ಸರಿನಾ?"

"ಅಲ್ಲ."

"ಯಾವುದು ಅಲ್ಲ?"

ಅವಳು ಸೂಜಿಯಿಂದ ದಾರ ಎಳೆದು ಮತ್ತೆ ಪೋಣಿಸಿದಳು. "ನೆನಪು ತುಂಬಿಲ್ಲ ಆಪರೇಟರೇ. ನೆನಪು ಬರೋದೇ ಇಲ್ಲ. ಒಂದು ಹನಿ ಅತ್ತಿಲ್ಲ ನಾನು. ಜೊತೆಗೆ ಬಾಳಿದವರು, ಒಳ್ಳೆಯವರು. ಅವರ ಮುಖ ನೆನಪಿಸ್ಕೊಂಡ್ರೆ ಗೋಡೆ ಮೇಲಿರೋ ಫೋಟೋ ಬರುತ್ತೆ, ಅವರು ಬರಲ್ಲ. ಇಲ್ಲೇ ಕೂತಿದ್ರೆ ಯಾವತ್ತಾದ್ರೂ ಬಂದಾರು ಅಂತ ಕೂತಿದ್ದೀನಿ. ಜಾಗ ಹೋದ್ರೆ ಅದೂ ಹೋಯ್ತು."

ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ಇದನ್ನ ನಾಳೆ ಸಭೇಲಿ ಹೇಳಲ್ಲ" ಎಂದ.

ಹೇಳಲಿಲ್ಲ. ಆದರೆ ಆ ಜಾಗ ಉಳಿಯಬೇಕೆಂದು ಅವನು ವಾದಿಸಿದ ರೀತಿಗೆ ಅವನ ಸಂಘದವರೇ ಕರಗಿಹೋದರು. "ಹೌದು, ಇದೇ ನನ್ನ ಮಾತು" ಎಂದಳು ಅವಳು. ಆಮೇಲೆ ಎದ್ದು ಅವನ ಪರವಾಗಿ ಬಸ್ಸಿನ ಬಿಸಿ ಗಾಳಿಯ ಕಥೆ ಹೇಳಿದಳು. "ಬೀದಿ ಎಲ್ಲರದು ಅಂತೀವಿ. ನಾನು ಮಾತ್ರ ಗೋಡೆ ಬಿಟ್ಟು ರಸ್ತೆಗಿಳೀಬೇಕು" ಎಂದಾಗ ವ್ಯಾಪಾರಿಗಳು ತಲೆ ತಗ್ಗಿಸಿದರು.

ಆಮೇಲೆ ಆದದ್ದು ಸಿಸ್ಟರ್ ಕಂಡು ಕೇಳರಿಯದ ಜಗಳ. ಗಾಲಿಕುರ್ಚಿಯಲ್ಲಿದ್ದ ಅಂಗವಿಕಲರ ಸಂಘದ ಅಧ್ಯಕ್ಷೆ, "ಮೆಷಿನ್ ಅಲ್ಲೇ ಇರಲಿ, ನಾವು ಹೇಗೋ ಬಳಸಿ ಹೋಗ್ತೀವಿ" ಎಂದರು. ವ್ಯಾಪಾರಿಗಳ ಸಂಘದ ಹಿರಿಯ, ಚಪ್ಪಲಿ ಹೊಲಿಯುವ ತಾತ, "ಅದೆಲ್ಲ ಆಗಲ್ಲ ತಾಯಿ, ನಾವು ತೆಗೆದೇ ತೆಗೀತೀವಿ" ಎಂದು ಪಟ್ಟು ಹಿಡಿದರು. ಒಬ್ಬರಿಗಿಂತ ಒಬ್ಬರು ಜೋರು.

"ಕಿತ್ತಾಟ ಬಿಡಿಸಿ ಗೊತ್ತು ನನಗೆ. ಹೀಗೆ ಬಿಟ್ಟುಕೊಡೋರನ್ನ ಹೇಗೆ ಬಿಡಿಸ್ಲಿ?" ಎಂದು ಸಿಸ್ಟರ್ ಹಣೆಗೆ ಕೈ ಹಚ್ಚಿದರು.

ಅವಳೇ ಬಿಡಿಸಿದಳು. ಅಂಗಡಿಗಳೆಲ್ಲ ರಸ್ತೆಯಂಚಿನ ಒಂದೇ ಸಾಲಿಗೆ ಬರಲಿ, ಗೋಡೆಪಕ್ಕ ಪೂರ್ತಿ ನಡೆಯುವವರಿಗೆ. ತಿರುವು ಇಕ್ಕಟ್ಟು, ಅಲ್ಲಿ ಮಾತ್ರ ಏನೂ ಇರಕೂಡದು. "ತಿರುವಿನಲ್ಲಿ ಇರೋದು ನಾನೊಬ್ಬಳೇ. ನಾನು ಏಳ್ತೀನಿ."

ಆಪರೇಟರ್ ಆ ಕಡೆಯಿಂದ, "ಬೇಡ" ಎಂದ. ಯಾರ ಪರವಾಗಿ ಅಂದನೋ ಯಾರೂ ಕೇಳಲಿಲ್ಲ. ಕೈಗಳು ಮೇಲಕ್ಕೇರಿದವು. ಸಭೆಗೆ ಬಂದಿದ್ದ ಹತ್ತಿರದ ಲೈಬ್ರರಿಯವರು ತಮ್ಮ ಅಂಗಳದಲ್ಲಿ ಅವಳಿಗೆ ಜಾಗ ಕೊಡುತ್ತೇವೆ ಎಂದರು.

ಮಾರನೆಯ ಬೆಳಿಗ್ಗೆ ತಾತನೂ ಬೀಗ ರಿಪೇರಿಯವನೂ ಸೇರಿ ಮೆಷಿನ್ ಎತ್ತಿದರು. ಕಲ್ಲಿನ ಮೇಲೆ ಸ್ಟ್ಯಾಂಡಿನ ಕಾಲುಗಳು ಕೊರೆದ ತುಕ್ಕಿನ ಗುರುತು ಉಳಿಯಿತು. ಅವಳು ಅದನ್ನು ದಾಟಿಕೊಂಡು ಹೊರಟಳು. ಏನೂ ಆಗಲಿಲ್ಲ. ಆಪರೇಟರ್ ರಜೆ ಹಾಕಿ ಬಂದಿದ್ದ. ಒಂದು ಕೈಯಲ್ಲಿ ಗುಂಡಿಗಳ ಡಬ್ಬಿ, ಇನ್ನೊಂದು ಕೈ ಅವಳ ಮೊಣಕೈ ಮೇಲೆ.

"ಒಂದು ಮಾತು ಹೇಳ್ತೀನಿ. ಇವತ್ತು ಹೇಳಬಾರದು, ಆದ್ರೂ ಹೇಳ್ತೀನಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗೋಣ ಅಂತ ಆಸೆ ಇದೆ."

"ನನಗೆ ಏನೂ ಅನ್ನಿಸ್ತಿಲ್ಲ ಆಪರೇಟರೇ. ನಿಮಗೆ ಸುಳ್ಳು ಹೇಳೋಕೆ ಮನಸಿಲ್ಲ."

"ಗೊತ್ತು. ನಂದು ಹೇಳಿದೆ, ಅಷ್ಟೆ." ಸ್ವಲ್ಪ ದೂರ ನಡೆದು, "ಸ್ವಲ್ಪ ಬೇಜಾರಾಯ್ತು, ಅದನ್ನೂ ಹೇಳ್ಬಿಡ್ತೀನಿ" ಎಂದ.

ಲೈಬ್ರರಿಯ ಅಂಗಳದಲ್ಲಿ ಮೆಷಿನ್ ಇಳಿಸಿ ಎತ್ತಿದವರು ಹೋದರು. ನೆಲ ತುಸು ಓರೆ, ಸ್ಟ್ಯಾಂಡು ಕುಂಟುತ್ತಿತ್ತು. ರಟ್ಟು ಮಡಚಿ ಕಾಲಿನಡಿ ಇಟ್ಟಳು. ಕೂತಳು. ದಾರ ಪೋಣಿಸಲು ಹೋದಳು. ದಾರ ಸೂಜಿಯ ಕಣ್ಣಿಗೆ ಹೋಗುತ್ತಿಲ್ಲ. ಬೆಳಕು ಸಾಲದು ಅಂದುಕೊಂಡಳು. ಮತ್ತೆ ನೋಡಿದರೆ ಸೂಜಿಯೇ ಕಾಣುತ್ತಿಲ್ಲ. ಕೆನ್ನೆಯ ಮೇಲೆ ಏನೋ ಹರಿಯುತ್ತಿತ್ತು.

"ಅವರು ದಾರ ಹಲ್ಲಲ್ಲೇ ಕಡೀತಿದ್ರು" ಎಂದಳು. "ಕತ್ತರಿ ಕೈಯಲ್ಲೇ ಇರ್ತಿತ್ತು. ಬಾಯಿ ಹುಣ್ಣಾಗುತ್ತೆ ಅಂತ ಎಷ್ಟು ಬೈತಿದ್ದೆ. ನಕ್ಕೊಂಡು ಮತ್ತೆ ಕಡಿಯೋರು."

ಮೆಷಿನ್ನಿನ ಮೇಲೆ ತಲೆಯಿಟ್ಟು, ವರ್ಷದಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಓದಲು ಬಂದವರು ಕಿಟಕಿಯಿಂದ ಇಣುಕಿ ಒಳಗೆ ಸರಿದರು. ಆಪರೇಟರ್ ಡಬ್ಬಿ ಹಿಡಿದು ನಿಂತೇ ಇದ್ದ. ಮುಖ ಬಾಡಿತ್ತು.

"ನಾನು ಹೋಗಿರ್ಲಾ?" ಎಂದ ಕೊನೆಗೆ. "ಇದು ಅವರ ಹೊತ್ತು. ನಾನು ಇಲ್ಲಿರೋದು ಸರಿಯಲ್ಲ."

ಅವಳು ತಲೆಯೆತ್ತದೆ ಕೈ ಚಾಚಿ ಅವನ ಶರ್ಟಿನ ತೋಳು ಹಿಡಿದಳು, ಇಸ್ತ್ರಿಯೆಲ್ಲ ಹಾಳಾಗುವ ಹಾಗೆ.

"ಅವರಿಗೋಸ್ಕರ ಅಳ್ತಿದ್ದೀನಿ" ಎಂದಳು. "ನೀವು ಹೋದ್ರೆ ನಿಮಗೋಸ್ಕರಾನೂ ಅಳಬೇಕಾಗುತ್ತೆ. ಅಷ್ಟು ನನ್ನ ಕೈಲಾಗಲ್ಲ. ಕೂತ್ಕೊಳ್ಳಿ."

ಅವನು ಡಬ್ಬಿ ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆಯೇ ಕೂತ. ಮಧ್ಯಾಹ್ನದವರೆಗೆ ಒಂದು ಮಾತೂ ಆಡಲಿಲ್ಲ.