ಹೂಂಗುಟ್ಟಿದ ಅಯ್ಯನವರು

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟುವ ಮೊದಲು, ಏಳುಕೆರೆ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಪದ್ಧತಿಯನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಆ ರಾಜ್ಯದಲ್ಲಿ ಒಬ್ಬರು ಕತೆ ಹೇಳಿದರೆ ಕೇಳುವವರೆಲ್ಲ ಹೂಂ, ಹೂಂ ಅನ್ನಬೇಕು. ಹಾಗೆ ಹೂಂಗುಟ್ಟಿದ ಕತೆ ಆ ನೆಲದಲ್ಲಿ ನಿಜವಾಗಿಬಿಡುತ್ತಿತ್ತು. ಮೊಲವೊಂದು ಹುಲಿಯ ಬಾಲಕ್ಕೆ ಗಂಟೆ ಕಟ್ಟಿತು ಅಂತ ಅಜ್ಜಿಯರು ಹೇಳುತ್ತಿದ್ದರು, ಮಕ್ಕಳು ಹೂಂ ಅನ್ನುತ್ತಿದ್ದರು. ಕಾಡಿನ ಹುಲಿ ಗಂಟೆ ಅಲ್ಲಾಡಿಸಿಕೊಂಡೇ ತಿರುಗುತ್ತಿತ್ತು. ಅಗಸರ ಹೆಣ್ಣುಮಗಳೊಬ್ಬಳು ಮೊಸಳೆಯನ್ನು ಅಣ್ಣಾ ಅಂತ ಕರೆದಳು ಅನ್ನುವ ಕತೆಯಿಂದಾಗಿ ಕೆರೆಯ ಮೊಸಳೆ ಯಾರ ತಂಟೆಗೂ ಬರುತ್ತಿರಲಿಲ್ಲ.

ಆ ರಾಜ್ಯದ ಒಂದು ಊರಿನಲ್ಲಿ ಸಣ್ಣೀರಿ ಅಂತ ಒಬ್ಬ ಹುಡುಗಿ ಇದ್ದಳು. ಅಪ್ಪ ಅವ್ವ ಇಲ್ಲದ ಅವಳನ್ನೂ ತಂಗಿ ಕೆಂಪಿಯನ್ನೂ ಸಾಕಿದವಳು ಅಜ್ಜಿ ಬೈರವ್ವ. ಸಣ್ಣೀರಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಪಕ್ಕದ ಮನೆಯವರು ಪಾಯಸ ಕೊಟ್ಟರೂ ಇವತ್ತೇನು ವಿಶೇಷ ಅಂತ ಮೂರು ಸಲ ಕೇಳುವಳು. ಊರವರು ಅವಳಿಗೆ ಅನುಮಾನದ ಸಣ್ಣೀರಿ ಅಂತಲೇ ಹೆಸರಿಟ್ಟಿದ್ದರು.

ಹೀಗಿರುವಾಗ ಶಾಲೆಗೆ ಹೊಸ ಅಯ್ಯನವರು ಪಾಠ ಹೇಳಲು ಬಂದರು. ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದಂಥವರು. ಮಗ್ಗಿ ಇರಲಿ ಬಿಡಿ, ಹಿರಿಯರ ಕತೆಗಳೇ ನಿಜವಾದ ವಿದ್ಯೆ, ಮಕ್ಕಳು ಮನೆಯಿಂದ ಒಂದೊಂದು ಕತೆ ತಂದು ಹೇಳಲಿ ಅಂದರು. ಊರವರಿಗೆ ಹಿಗ್ಗೋ ಹಿಗ್ಗು. ಆದರೆ ಒಂದು ಕಟ್ಟಳೆ: ಕತೆ ನಡೆಯುವಾಗ ಉಳಿದ ಮಕ್ಕಳು ತುಟಿ ಬಿಚ್ಚಕೂಡದು, ಹೂಂಗುಟ್ಟುವುದು ಅಯ್ಯನವರೊಬ್ಬರೇ. ಮಕ್ಕಳು ಅಷ್ಟು ಸುಮ್ಮನೆ ಕೂತದ್ದನ್ನು ಜನ್ಮದಲ್ಲಿ ಕಂಡಿರದ ಊರವರು, ಶಿಸ್ತು ಅಂದರೆ ಇದಪ್ಪಾ ಅಂತ ಕೊಂಡಾಡಿದರು.

ಸಣ್ಣೀರಿಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮಕ್ಕಳು ಹೂಂ ಅಂದರೆ ಅಯ್ಯನವರ ಗಂಟೇನು ಹೋಗುತ್ತದೆ ಅಂತ ಯೋಚಿಸಿದಳು.

ಮೊದಲ ಸರದಿ ಕೆಂಪಿಯದು. ಅವಳು ಹುಲಿಯ ಕತೆ ಹೇಳಿ ಬಂದಳು. ಮಾರನೆಯ ದಿನ ಹುಲಿ ಸದ್ದಿಲ್ಲದೆ ಬಂದು ಗೌಡರ ಎತ್ತನ್ನು ಎಳೆದೊಯ್ದಿತು. ಮೊಲದ ಕತೆ ಊರಲ್ಲಿ ಒಬ್ಬರಿಗೂ ನೆನಪಿಲ್ಲ. ಅಷ್ಟೇ ಅಲ್ಲ, ಬೈರವ್ವ ಕೆಂಪಿಯ ಮುಖ ನೋಡಿ, ಈ ಮಗು ಯಾರ ಮನೆಯದು ಅಂತ ಕೇಳಿದಳು. ಆ ಮುದುಕಿಯ ತಲೆಯಲ್ಲಿ ಕತೆಗಳೂ ಮನೆಮಂದಿಯೂ ಒಂದೇ ಬುಟ್ಟಿಯಲ್ಲಿದ್ದರು. ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತಿತ್ತು.

ತನ್ನ ಎರಡನೆಯ ಸರದಿಗೆ ಕೆಂಪಿ ಮೊಸಳೆಯ ಕತೆ ಹೇಳಿದಳು. ಬೇಡವೇ ಅಂತ ಅಕ್ಕ ತಡೆದರೂ ಅಯ್ಯನವರು ಬಿಡಬೇಕಲ್ಲ. ಮಾರನೆಯ ದಿನ ಮೊಸಳೆ ಅಗಸರ ಕತ್ತೆಯ ಕಾಲು ಹಿಡಿಯಿತು. ಬೈರವ್ವ ಸಣ್ಣೀರಿಯ ಗಲ್ಲ ಸವರಿ, "ನೀನು ಯಾರ ಪೈಕಿ ತಾಯಿ?" ಅಂದಳು.

ಸಣ್ಣೀರಿ ಕೊಟ್ಟಿಗೆಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಗೌಡರ ಬಳಿ ದೂರು ಒಯ್ದಳು. ಗೌಡರು ನಕ್ಕು, ದೇವರಂಥ ಅಯ್ಯನವರ ಮೇಲೂ ನಿನಗೆ ಅನುಮಾನವೇ ಅಂದು ಕಳಿಸಿದರು. ಮನೆಗೆ ಬಂದರೆ ಕೆಂಪಿ ಹೇಳಿದಳು: ನಾಳೆ ಮೂರನೆಯ ಕತೆ ತರಬೇಕಂತೆ. ಮಾಂತ್ರಿಕನ ಪ್ರಾಣ ಎಲ್ಲಿ ಅಡಗಿದೆ ಅನ್ನುವ ಕತೆ ನಿಮ್ಮ ಅಜ್ಜಿಗೆ ಬರುತ್ತದೆಯೇ ಅಂತ ಅಯ್ಯನವರು ಎಲ್ಲ ಮಕ್ಕಳನ್ನೂ ಕೇಳುತ್ತಿದ್ದಾರಂತೆ.

ಸಿಕ್ಕಿಬಿದ್ದನಲ್ಲ! ಇನ್ನು ಮೇಲೆ ಅವನಿಗೆ ಬಹುವಚನ ಸಾಕು. ಅವನು ಮಾಂತ್ರಿಕನೇ. ಅವನ ಪ್ರಾಣವನ್ನು ಅವನ ಗುರು ಎಲ್ಲೋ ಬಚ್ಚಿಟ್ಟು, ಜಾಗ ಹೇಳದೆ ಸತ್ತಿದ್ದ. ಯಾವುದೋ ಅಜ್ಜಿಯ ಕತೆಯಲ್ಲಿ ಆ ಗುಟ್ಟು ಇದ್ದೀತೆಂದು ಹೆದರಿ, ಊರೂರಿನ ಕತೆಗಳನ್ನು ಒಬ್ಬನೇ ಹೂಂಗುಟ್ಟಿ ನುಂಗುತ್ತಿದ್ದ. ಒಬ್ಬನೇ ಹೂಂಗುಟ್ಟಿದ ಕತೆ ಅವನ ಹೊಟ್ಟೆ ಸೇರುತ್ತಿತ್ತು; ನಡುವೆ ಹೂಂ ತಪ್ಪಿದರೆ ನುಂಗಿದ್ದೆಲ್ಲ ಹೊರಬರುತ್ತಿತ್ತು. ಇದೆಲ್ಲ ಸಣ್ಣೀರಿಗೆ ಪೂರ್ತಿ ತಿಳಿಯದು. ಇನ್ನೊಂದು ಕತೆ ಹೋದರೆ ಅಜ್ಜಿ ತುತ್ತು ನುಂಗುವುದನ್ನೂ ಮರೆಯುತ್ತಾಳೆ ಅನ್ನುವುದಷ್ಟೇ ತಿಳಿದಿತ್ತು.

ಬೆಳಗ್ಗೆ ತಂಗಿಯ ಬದಲು ತಾನೇ ಹೋಗಿ ಮಕ್ಕಳ ಮುಂದೆ ನಿಂತಳು. ನೀವು ಕೇಳಿದ ಕತೆ ನನಗೆ ಬರುತ್ತದೆ ಅಂದಳು. ಅಯ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅನುಮಾನ ಅವನಿಗೂ ಬಂತು, ಆದರೆ ಆಸೆ ಅದಕ್ಕಿಂತ ದೊಡ್ಡದಿತ್ತು.

"ಒಬ್ಬ ಮಾಂತ್ರಿಕನ ಪ್ರಾಣ ಒಂದು ಭತ್ತದ ಕಾಳಿನಲ್ಲಿತ್ತು," ಅಂದಳು ಸಣ್ಣೀರಿ.

"ಹೂಂ," ಅಂದ ಅಯ್ಯ.

ಆ ಕಾಳು ರಾಜನ ಕಣಜದಲ್ಲಿತ್ತು. ಹೂಂ. ಕಣಜದಲ್ಲಿ ಬೆಟ್ಟದಷ್ಟು ಭತ್ತವಿತ್ತು. ಹೂಂ. ಗೋಡೆಯಲ್ಲಿ ಒಂದು ಸಣ್ಣ ತೂತಿತ್ತು. ಹೂಂ. ಒಂದು ಇರುವೆ ಬಂತು, ಒಂದು ಕಾಳು ಹೊತ್ತುಕೊಂಡು ಹೋಯಿತು. ಹೂಂ. ಇನ್ನೊಂದು ಇರುವೆ ಬಂತು, ಇನ್ನೊಂದು ಕಾಳು ಹೊತ್ತುಕೊಂಡು ಹೋಯಿತು. ಹೂಂ.

ಹೊತ್ತು ನೆತ್ತಿಗೇರಿತು. ಇರುವೆಗಳು ಬರುತ್ತಲೇ ಇದ್ದವು. ಎದ್ದುಹೋಗೋಣವೆಂದರೆ ತನ್ನ ಪ್ರಾಣದ ಕಾಳು ಯಾವುದೆಂದು ತಿಳಿಯದು. ಕೂರೋಣವೆಂದರೆ ಕಣಜ ಬರಿದಾಗದು. ಅಯ್ಯನ ದನಿ ಬಿತ್ತು, ಸೊಂಟ ಹಿಡಿಯಿತು, ಹಣೆಯಿಂದ ಬೆವರು ಸುರಿಯಿತು. ಸಣ್ಣೀರಿ ಮಾತ್ರ ನಿಲ್ಲಿಸಲಿಲ್ಲ. ಮತ್ತೊಂದು ಇರುವೆ ಬಂತು ಅಂದಳು.

"ಹಾಳಾಗಲಿ ನಿನ್ನ ಇರುವೆ! ಯಾವ ಕಾಳು, ಅದನ್ನು ಹೇಳು!" ಅಂತ ಅಯ್ಯ ಅರಚಿದ.

ಅಷ್ಟೇ, ಹೂಂ ತಪ್ಪಿತು. ಆಗ ಕೆಂಪಿ, ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೇ, ಮೆಲ್ಲಗೆ ಹೂಂ ಅಂದಳು. ಅವಳ ಹಿಂದೆಯೇ ಶಾಲೆಗೆ ಶಾಲೆಯೇ ಹೂಂ ಅಂದಿತು.

ಅಯ್ಯನ ಬಾಯಿಂದ ನುಂಗಿದ ಕತೆಗಳೆಲ್ಲ ಹೊರಬಿದ್ದವು. ದೂರದ ಕಾಡಿನಲ್ಲಿ ಗಂಟೆ ಕೇಳಿಸಿತು. ಬೆಳಗಿನಿಂದ ಅವನೇ ಹೂಂಗುಟ್ಟಿದ ಕತೆಗೆ ಈಗ ಮಕ್ಕಳೆಲ್ಲ ಹೂಂ ಅಂದಿದ್ದರಲ್ಲ, ಅದೂ ನಿಜವಾಗಲೇಬೇಕಲ್ಲ? ಅವನು ಕುಗ್ಗಿದ, ಮತ್ತೂ ಕುಗ್ಗಿದ, ಚಾಪೆಯ ಮೇಲೆ ಒಂದು ಭತ್ತದ ಕಾಳಾಗಿ ಬಿದ್ದ. ಒಂದು ಇರುವೆ ಬಂತು, ಆ ಕಾಳನ್ನು ಹೊತ್ತುಕೊಂಡು ಹೋಯಿತು.

ಸಣ್ಣೀರಿ ಮನೆಗೆ ಓಡಿದಳು. ಬೈರವ್ವ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿಗೆ ಹೋಗಿದ್ದೆಯೇ ಸಣ್ಣೀರಿ? ಅನ್ನ ಆರಿಹೋಯಿತು," ಅಂತ ಗದರಿದಳು. ಸಣ್ಣೀರಿ ಅಜ್ಜಿಯನ್ನು ತಬ್ಬಿಕೊಂಡು, ಇನ್ನೊಂದು ಸಲ ಬೈಯಿ ಅಂತ ಕೇಳಿದಳು. ಅಲ್ಲಿಂದ ಮುಂದೆ ಏಳುಕೆರೆಯವರೆಲ್ಲ ಕತೆ ಹೇಳಿಕೊಂಡು, ಉಂಡುಟ್ಟು, ಸುಖವಾಗಿದ್ದರು.